ಬೀದಿಗೊಂದು ಕೂಸಿನ ಮನೆ ಬೇಕು: ದಾವಣಗೆರೆಯ ಆಡಳಿತಕ್ಕೂ ವರ್ತಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರೇ, ಮಂಡಿಪೇಟೆ, ಅಶೋಕ ರಸ್ತೆ, ಚಾಮರಾಜಪೇಟೆಯ ವರ್ತಕ ಬಂಧುಗಳೇ, ಪಿ.ಜೆ. ಬಡಾವಣೆಯ ನರ್ಸಿಂಗ್ ಹೋಂ, ಕ್ಲಿನಿಕ್, ಪ್ರಯೋಗಾಲಯಗಳ ಮಾಲೀಕರೇ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮೂರಿನ ಪೇಟೆ ಬೀದಿಗಳಲ್ಲಿ, ಆಸ್ಪತ್ರೆಗಳ ಸುತ್ತಮುತ್ತ ಕೆಲಸಕ್ಕೆ ಬರುವ ತಂದೆ ತಾಯಿಯರ ಪುಟ್ಟ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರಗಳು ಬೇಕು. ಅಂಗಡಿಗೊಂದರಂತೆ ಯಾರೂ ಕಟ್ಟಲಾರರು, ಅದನ್ನು ನಾನು ಕೇಳುತ್ತಲೂ ಇಲ್ಲ. ಬೀದಿಗೊಂದು ಸಾಕು. ಜಾಗ ಪಾಲಿಕೆಯದು, ಕಾರ್ಯಕರ್ತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು, ಖರ್ಚಿನಲ್ಲಿ ಒಂದು ಪಾಲು ಮಾಲೀಕರದು, ಒಂದು ಪಾಲು ನಮ್ಮದು. ಇದು ಏಕೆ ಬೇಕು, ಹೇಗೆ ಆಗುತ್ತದೆ ಎಂಬುದಕ್ಕೆ ಈ ಉಳಿದ ಪತ್ರ. ಮಗು ಮಲಗಿದಾಗಲೆಲ್ಲ ಒಂದಿಷ್ಟು ಬರೆದು ಮುಗಿಸಿದ್ದರಿಂದ ಅಲ್ಲಲ್ಲಿ ದಾರಿ ಬಿಟ್ಟು ಹೋಗಿದ್ದರೆ ಮನ್ನಿಸಿ.

ನಾವು ನಿಟುವಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಒಂದು ಖಾಸಗಿ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ನಮ್ಮವರು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮದುವೆಯಾಗಿ ಹೆಚ್ಚು ಕಾಲವಾಗಿಲ್ಲ. ಮೊದಲ ಮಗು ಹೆಣ್ಣು, ಈಗ ಅಂಬೆಗಾಲಿಡುತ್ತಾಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಬಾಣಂತನ ಹೊಳಲ್ಕೆರೆಯ ತವರಿನಲ್ಲಿ ಆಯಿತು. ಎಣ್ಣೆ ನೀರು, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಬೆಳ್ಳುಳ್ಳಿ ಖಾರ, ಯಾವುದಕ್ಕೂ ಅಮ್ಮ ಕಡಿಮೆ ಮಾಡಲಿಲ್ಲ. ಸಾಂಬ್ರಾಣಿ ಹೊಗೆ ಕೂಸಿಗೆ ಬೇಡ ಎಂದು ಮಕ್ಕಳ ವೈದ್ಯರು ಹೇಳಿದ್ದರು. ಅಮ್ಮನಿಗೂ ನನಗೂ ಅದರ ಮೇಲೆ ದೊಡ್ಡ ವಾದವೇ ನಡೆದು, ಹೊಗೆ ಬಾಣಂತಿಗೆ ಮಾತ್ರ, ಕೂಸು ಅಷ್ಟು ಹೊತ್ತು ಪಡಸಾಲೆಯಲ್ಲಿ ಎಂದು ರಾಜಿಯಾಯಿತು. ನಮ್ಮವರು ಭಾನುವಾರಗಳಂದು ಬಸ್ಸು ಹಿಡಿದು ಬಂದು, ಮಗುವನ್ನು ಎತ್ತಿಕೊಳ್ಳುವುದು ಹೇಗೆಂದು ಕಲಿತು, ಸಂಜೆಯ ಬಸ್ಸಿಗೆ ಹಿಂತಿರುಗುತ್ತಿದ್ದರು. ಐದು ತಿಂಗಳು ತುಂಬಿದ ಮೇಲೆ ಮಡಿಲು ತುಂಬಿಸಿಕೊಂಡು ದಾವಣಗೆರೆಗೆ ಬಂದೆವು. ಅಸಲಿ ಬದುಕು ಶುರುವಾದದ್ದು ಅಲ್ಲಿಂದ.

ನಮ್ಮ ದಿನ ಹೀಗಿದೆ. ಪ್ರಯೋಗಾಲಯ ಬೆಳಿಗ್ಗೆ ಏಳಕ್ಕೇ ತೆರೆಯಬೇಕು. ಬರಿಹೊಟ್ಟೆಯಲ್ಲಿ ರಕ್ತ ಕೊಡುವ ಸಕ್ಕರೆ ಕಾಯಿಲೆಯವರು ನಾವು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ನನಗೆ ಬಿಡುವಾಗುವುದು ಮಧ್ಯಾಹ್ನ ಮೂರಕ್ಕೆ. ನಮ್ಮವರ ಅಂಗಡಿ ತೆರೆಯುವುದು ಹತ್ತರ ಹೊತ್ತಿಗೆ, ಬಾಗಿಲು ಹಾಕುವುದು ರಾತ್ರಿ ಎಂಟೂವರೆಗೆ. ಹಾಗಾಗಿ ಬೆಳಿಗ್ಗೆ ಮಗು ಅಪ್ಪನ ಪಾಲು, ಸಂಜೆ ಅಮ್ಮನ ಪಾಲು. ಗಂಡ ಹೆಂಡತಿ ಎದುರುಬದುರಾಗಿ ಕುಳಿತು ಮಾತನಾಡುವುದು ರಾತ್ರಿ ಊಟದ ಹೊತ್ತಿಗೆ, ಅದೂ ಮಗು ಮಲಗಿದ್ದರೆ. ಬೆಳಗಿನ ವರದಿ ಸಂಜೆಗೆ ತಲುಪಲಿ ಎಂದು ಅವರು ಅಂಗಡಿಯಿಂದ ಒಂದು ಹಳೆಯ ಕಿರ್ದಿ ಪುಸ್ತಕ ತಂದಿಟ್ಟಿದ್ದಾರೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಕುಡಿದ ಹಾಲು, ತಿಂದ ರಾಗಿ ಸರಿ ಜಮಾ ಕಡೆ. ಬದಲಿಸಿದ ಬಟ್ಟೆಗಳೆಲ್ಲ ಖರ್ಚಿನ ಕಡೆ. ‘8.10, ರಾಗಿ ಸರಿ ಅರ್ಧ ಬಟ್ಟಲು. 8.15, ಅದರಲ್ಲಿ ಅರ್ಧ ನನ್ನ ಅಂಗಿಯ ಮೇಲೆ’ ಎಂದು ಗುಂಡಗಿನ ಅಕ್ಷರದಲ್ಲಿ ಬರೆದಿರುತ್ತಾರೆ. ಮಹಡಿಯ ಮೇಲೆ ಗಂಡಸು ಮಗುವಿನ ಬಟ್ಟೆ ಒಣಹಾಕುವುದನ್ನು ನೋಡಿ ಬೀದಿಯವರು ಮೊದಲು ನಕ್ಕರು, ಈಗ ಅಭ್ಯಾಸವಾಗಿದೆ.

ಉಳಿಯುವುದು ನಡುವಿನ ಹೊತ್ತು. ಅವರು ಹೊರಟ ಒಂಬತ್ತೂವರೆಯಿಂದ ನಾನು ಬರುವ ಮೂರೂವರೆಯವರೆಗೆ. ನಮ್ಮ ವಾರ್ಡಿನ ಅಂಗನವಾಡಿ ನಡೆಯುವುದು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ. ಅಳೆದು ಹೊಲಿದಂತೆ ಸಮಯ ಕೂಡಿಬರುತ್ತದೆ. ಕೂಡಿಬರದಿರುವುದು ಮಗುವಿನ ವಯಸ್ಸು ಮಾತ್ರ. ಅಲ್ಲಿ ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರದ ಪೊಟ್ಟಣವನ್ನು ಮನೆಗೆ ಕೊಟ್ಟು ಕಳಿಸುತ್ತಾರೆ. ಪೊಟ್ಟಣ ಚೆನ್ನಾಗಿಯೇ ಇದೆ. ಅದನ್ನು ಬೇಯಿಸಿ ತಿನ್ನಿಸಲು ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸರ್ಕಾರದ ಲೆಕ್ಕದಲ್ಲಿ ಪ್ರತಿ ಮನೆಯಲ್ಲೂ ಸಂಬಳವಿಲ್ಲದ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ ಎಂದು ಕಾಣುತ್ತದೆ. ನನ್ನ ಅತ್ತೆ ಜಗಳೂರು ಕಡೆಯ ಹಳ್ಳಿಯಲ್ಲಿ ಎರಡು ಎಮ್ಮೆ, ಒಂದಿಷ್ಟು ಹೊಲ, ಕಾಲು ನೋವಿನ ಮಾವ, ಇಷ್ಟನ್ನೂ ಒಬ್ಬರೇ ನಿಭಾಯಿಸುತ್ತಿದ್ದಾರೆ. ಅಮ್ಮನಿಗೆ ಹೊಳಲ್ಕೆರೆಯಲ್ಲಿ ಅವರದೇ ಸಂಸಾರ. ಇಬ್ಬರೂ ಬಂದು ಒಂದೆರಡು ವಾರ ಇದ್ದು ಹೋಗಬಲ್ಲರು, ವರ್ಷವಿಡೀ ಇರಲಾರರು. ಇರಬೇಕೆಂದು ನಾವು ಕೇಳುವುದೂ ನ್ಯಾಯವಲ್ಲ. ಜೀವಮಾನವೆಲ್ಲ ಮಕ್ಕಳನ್ನು ಸಾಕಿದವರನ್ನು ಅರವತ್ತರಲ್ಲಿ ಮತ್ತೆ ಅದೇ ಕೆಲಸಕ್ಕೆ ಹಚ್ಚಿ ಅದಕ್ಕೆ ಸಂಸ್ಕೃತಿ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

ಸದ್ಯಕ್ಕೆ ನಮ್ಮ ಮಗುವನ್ನು ನೋಡಿಕೊಳ್ಳುತ್ತಿರುವವರು ಕೆಳಗಿನ ಮನೆಯ ಅಜ್ಜಿ. ತಿಂಗಳಿಗಿಷ್ಟು ಎಂದು ಕೊಡುತ್ತೇವೆ, ಅವರಿಗೂ ಆಸರೆ. ಪ್ರೀತಿಗೆ ಏನೂ ಕಡಿಮೆಯಿಲ್ಲ. ಆದರೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಮಂಡಿ ಮಡಚಲಾಗುವುದಿಲ್ಲ. ಬೇಸಿಗೆಯಲ್ಲಿ ಅವರು ಮನೆಯಲ್ಲೇ ಕೂಲಿಗೆ ಹುಣಸೆಹಣ್ಣು ಬಿಡಿಸುತ್ತಾರೆ. ಒಂದು ದಿನ ನಾನು ಬಂದಾಗ ಅವರು ಗೋಡೆಗೊರಗಿ ಹುಣಸೆ ಕುಟ್ಟುತ್ತಿದ್ದರು, ಮಗಳು ಎದುರಿಗೇ ಕುಳಿತು ಏನನ್ನೋ ಚಪ್ಪರಿಸುತ್ತಿದ್ದಳು. ಕೆನ್ನೆಯ ಒಂದು ಬದಿ ಸ್ವಲ್ಪ ಉಬ್ಬಿತ್ತು. ಬೆರಳು ಹಾಕಿ ತೆಗೆದರೆ ಹುಣಸೆ ಬೀಜ. ಕಂದು ಬಣ್ಣದ, ನುಣುಪಾದ, ಜೊಲ್ಲಿನಲ್ಲಿ ತೊಯ್ದು ಇನ್ನಷ್ಟು ಜಾರುತ್ತಿದ್ದ ಬೀಜ. ಆ ವಯಸ್ಸಿನ ಮಗುವಿನ ಉಸಿರುನಾಳಕ್ಕೆ ಅದು ಸರಿಯಾಗಿ ಕೂರುವ ಗಾತ್ರ ಎಂದು ಆಸ್ಪತ್ರೆಯ ಸುತ್ತಮುತ್ತ ಕೆಲಸ ಮಾಡುವ ನನಗೆ ಯಾರೂ ಹೇಳಬೇಕಾಗಿಲ್ಲ. ಅಜ್ಜಿಗೆ ನಾನು ಏನನ್ನೂ ಹೇಳಲಿಲ್ಲ. ಹೊಟ್ಟೆಪಾಡಿನ ಕೆಲಸವನ್ನು ಬಿಡಿ ಎನ್ನಲು ನನಗೇನು ಹಕ್ಕಿದೆ? ಮರುದಿನದಿಂದ ಮಗುವನ್ನು ಸೀರೆಯ ಜೋಳಿಗೆಯಲ್ಲಿ ಹೆಚ್ಚು ಹೊತ್ತು ಹಾಕಿ ತೂಗುತ್ತಿದ್ದಾರೆ. ತೆವಳಬೇಕಾದ ವಯಸ್ಸಿನ ಮಗು ತೂಗಿಸಿಕೊಂಡು ಮಲಗಿರುವುದೂ ಸರಿಯಲ್ಲ ಎಂದು ನನಗೆ ಗೊತ್ತು.

ಈಗ ಕಾನೂನಿಗೆ ಬರುತ್ತೇನೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಮೊದಲ ಎರಡು ಮಕ್ಕಳಿಗೆ 26 ವಾರ ವೇತನಸಹಿತ ರಜೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಬಹುದು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ 26 ಮತ್ತು ಈ 50 ಹಾಗೆಯೇ ಉಳಿದಿವೆ. ಅದಕ್ಕೂ ಹಿಂದೆ, 1948ರ ಕಾರ್ಖಾನೆ ಕಾಯ್ದೆಯಲ್ಲೇ, ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಮಕ್ಕಳಿಗೊಂದು ಕೋಣೆ ಇರಬೇಕು ಎಂದಿತ್ತು. ಒಳ್ಳೆಯ ಕಾನೂನುಗಳೇ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೋ ದೊಡ್ಡ ಗಾರ್ಮೆಂಟ್ಸ್‌ಗೋ ಹೊಂದುವಂಥವು.

ಆದರೆ ದಾವಣಗೆರೆ ದುಡಿಯುವ ರೀತಿಯೇ ಬೇರೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಕಾಲದಲ್ಲಿ ಇಲ್ಲಿ ಮಿಲ್ಲುಗಳಿದ್ದವು, ಒಂದೇ ಗೇಟಿನೊಳಗೆ ನೂರಾರು ಜನ ಹೋಗುತ್ತಿದ್ದರು. ಈಗ ಊರು ನಡೆಯುವುದು ಸಣ್ಣ ಸಣ್ಣ ಬಾಗಿಲುಗಳಿಂದ. ನಮ್ಮವರ ಅಂಗಡಿಯಲ್ಲಿ ಹಮಾಲರನ್ನು ಸೇರಿಸಿದರೂ ಜನ ಹತ್ತಕ್ಕೆ ಮುಟ್ಟುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಹತ್ತು ದಾಟಿದ್ದೇವೆ, ಅಷ್ಟೇ. ಪಕ್ಕದ ಔಷಧಿ ಅಂಗಡಿ, ಎದುರಿನ ಸ್ಕ್ಯಾನಿಂಗ್ ಕೇಂದ್ರ, ಮೇಲಿನ ಮಹಡಿಯ ದಂತ ವೈದ್ಯರು, ಮೂಲೆಯ ಸೀರೆ ಅಂಗಡಿ, ಆಚೆಯ ಫೈನಾನ್ಸ್, ಬೆಣ್ಣೆ ದೋಸೆ ಹೋಟೆಲು, ಯಾರನ್ನು ಎಣಿಸಿದರೂ ಐವತ್ತು ಸಿಗುವುದಿಲ್ಲ. ಎಲ್ಲರನ್ನೂ ಕೂಡಿಸಿ ಎಣಿಸಿ ನೋಡಿ. ಒಂದೇ ಅಡ್ಡರಸ್ತೆಯಲ್ಲಿ ಐವತ್ತು ದಾಟಿಬಿಡುತ್ತದೆ. ಕಾನೂನು ಬಾಗಿಲು ಬಾಗಿಲಿಗೆ ತಲೆ ಎಣಿಸುತ್ತಾ ಹೋಗಿದ್ದರಿಂದ, ಇಷ್ಟು ಜನ ದುಡಿಯುವ ಊರು ಅದರ ಕಣ್ಣಿಗೆ ಬೀಳಲೇ ಇಲ್ಲ.

ಪರಿಹಾರ ಆ ಕಾನೂನಿನ ಒಳಗೇ ಇದೆ ಎಂಬುದು ನನಗೆ ಓದಿದ ಮೇಲೆ ತಿಳಿಯಿತು. ಶಿಶುಪಾಲನಾ ಕೇಂದ್ರವನ್ನು ಸಂಸ್ಥೆ ತಾನೇ ಪ್ರತ್ಯೇಕವಾಗಿ ನಡೆಸಬಹುದು, ಇಲ್ಲವೇ ಸಾಮಾನ್ಯ ಸೌಲಭ್ಯವಾಗಿಯೂ ಒದಗಿಸಬಹುದು ಎಂದು 2017ರ ತಿದ್ದುಪಡಿಯೇ ಹೇಳುತ್ತದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಇಂಥ ಕೇಂದ್ರ ಕೆಲಸದ ಜಾಗದಿಂದಲೋ ಮನೆಯಿಂದಲೋ 500 ಮೀಟರ್ ಒಳಗಿರಲಿ ಎಂದಿದೆ. ಮಂಡಿಪೇಟೆಯ ನಡುವೆ ನಿಂತು 500 ಮೀಟರ್ ಸುತ್ತು ಹಾಕಿದರೆ ಎಷ್ಟು ಅಂಗಡಿ ಬರುತ್ತವೆ ಎಂಬುದು ಆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿದ ಎಲ್ಲರಿಗೂ ಗೊತ್ತಿದೆ.

ಹಣ ಎಲ್ಲಿಂದ ಎಂದರೆ, ಕೇಂದ್ರದ ಮಿಷನ್ ಶಕ್ತಿಯಡಿ ‘ಪಾಲನಾ’ ಎಂಬ ಯೋಜನೆ ಇದೆ. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಹಗಲು ಆರೈಕೆ, ಅಂಗನವಾಡಿಯ ಜೊತೆಯಲ್ಲೇ ಶಿಶುಪಾಲನಾ ಕೇಂದ್ರ. ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಇನ್ನು ನಮ್ಮ ರಾಜ್ಯದ್ದೇ ಆದ ಕೂಸಿನ ಮನೆ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಣೆಯಾಯಿತು, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ. ಅತ್ತೆಯ ಊರಿಗೆ ಹೋದಾಗ ನಾದಿನಿ ಅಲ್ಲಿಯ ಕೂಸಿನ ಮನೆ ತೋರಿಸಿದಳು. ಗೋಡೆಗೆ ಆನೆ, ನವಿಲು ಬರೆದಿದ್ದರು. ಚಾಪೆಯ ಮೇಲೆ ಮೂರು ಮಕ್ಕಳು ಮಲಗಿದ್ದವು, ನಾಲ್ಕನೆಯದು ಎದ್ದು ಮೂವರನ್ನೂ ಎಬ್ಬಿಸುವ ಪ್ರಯತ್ನದಲ್ಲಿತ್ತು. ಆರೈಕೆಗೆಂದು ನೇಮಿಸಿದ್ದ ಹೆಂಗಸು ಅದೇ ಊರಿನವರು, ತರಬೇತಿ ಪಡೆದವರು. ಬಾಗಿಲ ಬಳಿ ಕೈ ತೊಳೆಯಲು ನೀರು, ಸಾಬೂನು. ಅದ್ದೂರಿಯೇನೂ ಇರಲಿಲ್ಲ. ನಾದಿನಿಗೆ ಸಿಕ್ಕಿದ್ದು ಅತ್ತಿಗೆಗೆ ಸಿಗುವುದಿಲ್ಲ, ಏಕೆಂದರೆ ಅತ್ತಿಗೆ ಇರುವುದು ಪಂಚಾಯಿತಿಯಲ್ಲಲ್ಲ, ಪಾಲಿಕೆಯಲ್ಲಿ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ಊರು, 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ಊರು, ಇದೊಂದು ವಿಷಯದಲ್ಲಿ ಹಳ್ಳಿಯನ್ನು ನೋಡಿ ಕಲಿಯಬೇಕಾಗಿದೆ.

ನಗರದಲ್ಲಿ ಇಂಥದ್ದು ಹೊಸ ಪ್ರಯೋಗವಾಯಿತಲ್ಲ ಎಂದು ಯಾರಾದರೂ ಹಿಂಜರಿದರೆ ಒಂದು ಮಾತು. 1975ರಲ್ಲಿ ಅಂಗನವಾಡಿಗಳ ಯೋಜನೆ ದೇಶದ 33 ಕಡೆ ಪ್ರಯೋಗವಾಗಿ ಶುರುವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು. ಅಂದು ಯಾರೋ ಒಬ್ಬ ಅಧಿಕಾರಿ ಕಡತಕ್ಕೆ ಸಹಿ ಹಾಕಿದ್ದರಿಂದಲೇ ಇಂದು ವಾರ್ಡಿಗೊಂದು ಅಂಗನವಾಡಿ ಇದೆ.

ನನ್ನ ರಜೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದು ನನ್ನೊಬ್ಬಳದಲ್ಲ. ಹತ್ತು ಜನರಿಗಿಂತ ಹೆಚ್ಚಿರುವ ಜಾಗವಾದ್ದರಿಂದ 26 ವಾರ ನನಗೆ ಸಲ್ಲಬೇಕು. ಕೇಳಿದಾಗ ಮಾಲೀಕರು, ‘ಮೇಡಂ, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಇಟ್ಟುಕೊಂಡು ಇಬ್ಬರಿಗೂ ಸಂಬಳ ಕೊಡಲು ನಾನೇನು ಸರ್ಕಾರವೇ? ರಾಜೀನಾಮೆ ಕೊಟ್ಟು ಹೋಗಿ, ಮಗು ದೊಡ್ಡದಾದ ಮೇಲೆ ಮತ್ತೆ ಬನ್ನಿ’ ಎಂದರು. ಬಿಟ್ಟು ಮತ್ತೆ ಸೇರಿದರೆ ಹಳೆಯ ಸೇವೆಯೆಲ್ಲ ಮಣ್ಣುಪಾಲು. ಹೆರಿಗೆ ರಜೆಯಲ್ಲಿದ್ದವಳನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬ ಕಲಮನ್ನು ಮುದ್ರಿಸಿಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. ಎಳೆದಾಡಿ ಮೂರು ತಿಂಗಳ ಸಂಬಳ ಕೊಟ್ಟರು, ಉಳಿದದ್ದು ಸಂಬಳವಿಲ್ಲದ ರಜೆ.

ಮಾಲೀಕರ ಮಾತಿನಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹತ್ತು ಹನ್ನೆರಡು ಜನರ ಸಂಸ್ಥೆಗೆ ಆರು ತಿಂಗಳ ಸಂಬಳ ನಿಜಕ್ಕೂ ಭಾರ. ಆದರೆ ಆ ಭಾರವನ್ನು ಹೊರಲೆಂದೇ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆ. ಹತ್ತು ಜನರಿರುವ ಸಂಸ್ಥೆಗೆ, ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರಿಗೆ ಅದು ಅನ್ವಯಿಸುತ್ತದೆ. ವಿಮೆಗೆ ಸೇರಿದ ಮಹಿಳೆಗೆ 26 ವಾರದ ಹೆರಿಗೆ ವೇತನವನ್ನು ಕೊಡುವುದು ಇಎಸ್‌ಐ ನಿಗಮ, ಮಾಲೀಕರಲ್ಲ. ಮಾಲೀಕರ ವಂತಿಗೆ ವೇತನದ ಶೇ 3.25. ಹದಿನಾರು ಸಾವಿರ ಸಂಬಳಕ್ಕೆ ತಿಂಗಳಿಗೆ 520 ರೂಪಾಯಿ ಆಯಿತು. ಆ 520 ಉಳಿಸಲು ನೌಕರರನ್ನು ಪಟ್ಟಿಗೆ ಸೇರಿಸದೆ, ಹೆರಿಗೆಯ ಹೊತ್ತಿಗೆ ‘ನಾನೇನು ಸರ್ಕಾರವೇ’ ಎಂದರೆ ಹೇಗೆ? ಇಎಸ್‌ಐ ಆಸ್ಪತ್ರೆ ಇರುವ ನಿಟುವಳ್ಳಿಯಲ್ಲೇ ನಾನು ಬಾಡಿಗೆಗಿದ್ದೇನೆ. ಒಳಗೆ ಹೋಗುವ ಕಾರ್ಡು ಮಾತ್ರ ನನ್ನ ಬಳಿಯಿಲ್ಲ. ಜಿಲ್ಲಾಧಿಕಾರಿಗಳೇ, ಕಾರ್ಮಿಕ ಇಲಾಖೆಯವರನ್ನೂ ಇಎಸ್‌ಐ ಅಧಿಕಾರಿಗಳನ್ನೂ ಒಟ್ಟಿಗೆ ಕೂರಿಸಿಕೊಂಡು, ಆಸ್ಪತ್ರೆ ಬೀದಿಗಳಲ್ಲಿ, ಖಾಸಗಿ ಶಾಲೆಗಳಲ್ಲಿ, ಜವಳಿ ಅಂಗಡಿಗಳಲ್ಲಿ ಹತ್ತು ದಾಟಿದವರು ಯಾರು, ಪಟ್ಟಿಯಲ್ಲಿರುವವರು ಯಾರು ಎಂದು ಒಮ್ಮೆ ತಾಳೆ ನೋಡಿಸಿ. ದಂಡ ಹಾಕಿ ಎಂದು ಕೇಳುತ್ತಿಲ್ಲ, ಸೇರಿಸಿ ಎಂದು ಕೇಳುತ್ತಿದ್ದೇನೆ.

ಪ್ರತಿ ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹ ಬರುತ್ತದೆ. ಆಸ್ಪತ್ರೆಗಳ ಮುಂದೆ ಬ್ಯಾನರ್ ಕಟ್ಟುತ್ತಾರೆ, ಭಾಷಣಗಳಾಗುತ್ತವೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ ಎನ್ನುತ್ತಾರೆ. ನಿಜವಾದ ಮಾತೇ. ಆರು ತಿಂಗಳು ಎಂದರೆ 26 ವಾರ. ಕಾನೂನಿನ 26 ವಾರದಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ಬಳಸಬಹುದು. ಹಾಗೆ ಬಳಸಿದವಳಿಗೆ ಹೆತ್ತ ಮೇಲೆ ಉಳಿಯುವುದು 18 ವಾರ. ಮಿಕ್ಕ ಎಂಟು ವಾರ ಹಾಲು ಹೇಗೆ ಕುಡಿಸಬೇಕೆಂದು ಯಾವ ಬ್ಯಾನರಿನಲ್ಲೂ ಬರೆದಿರುವುದಿಲ್ಲ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸಲು ಬಿಡುವು ಕೊಡಬೇಕೆಂದೂ ಕಾಯ್ದೆಯಲ್ಲಿದೆ. ಮಗು ನಿಟುವಳ್ಳಿಯಲ್ಲಿದ್ದು ತಾಯಿ ಪಿ.ಜೆ. ಬಡಾವಣೆಯಲ್ಲಿದ್ದರೆ ಆ ಬಿಡುವಿನಲ್ಲಿ ಆಟೊ ಹತ್ತಿ ಇಳಿಯುವುದಷ್ಟೇ ಆಗುತ್ತದೆ.

ನನ್ನ ಕೆಲಸದಲ್ಲಿ ಇನ್ನೊಂದು ತಾಪತ್ರಯವಿದೆ. ಕಾಮಾಲೆಯ ಅನುಮಾನವಿರುವ ಹಸುಗೂಸುಗಳನ್ನು ಪರೀಕ್ಷೆಗೆ ತರುತ್ತಾರೆ. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕು. ಕೂಸು ಕಿರುಚುತ್ತದೆ. ಯಾರದೋ ಮಗು ಅತ್ತರೂ ನನ್ನ ಎದೆಯಲ್ಲಿ ಹಾಲು ತಾನಾಗಿ ಇಳಿಯುತ್ತದೆ, ಬಿಳಿ ಕೋಟು ಒದ್ದೆಯಾಗುತ್ತದೆ. ಕೈಯಲ್ಲಿ ರಕ್ತದ ನಳಿಕೆ, ಎದುರಿಗೆ ಅಳುವ ತಾಯಿ, ನಾನು ಕಡತ ಎದೆಗವಚಿಕೊಂಡು ಒಳಗೆ ಓಡಬೇಕು. ಶೌಚಾಲಯದಲ್ಲಿ ನಿಂತು ಹಾಲು ಹಿಂಡುತ್ತೇನೆ. ಸಾಮಾನ್ಯ ಉಷ್ಣತೆಯಲ್ಲಿ ಹಿಂಡಿದ ಹಾಲು ನಾಲ್ಕು ಗಂಟೆ ಕೆಡುವುದಿಲ್ಲ, ಫ್ರಿಜ್‌ನಲ್ಲಾದರೆ ಇನ್ನೂ ಹೆಚ್ಚು. ನಮ್ಮಲ್ಲಿ ಫ್ರಿಜ್ ಇದೆ. ಅದರೊಳಗೆ ಇರುವುದು ರೋಗಿಗಳ ರಕ್ತ, ಕಫ, ಮೂತ್ರದ ಮಾದರಿಗಳು. ಅದರಲ್ಲಿ ತಿನ್ನುವ ಕುಡಿಯುವ ಪದಾರ್ಥ ಇಡಬಾರದೆಂದು ಹೊಸದಾಗಿ ಸೇರಿದವರಿಗೆ ಮೊದಲ ದಿನ ಪಾಠ ಹೇಳುವವಳೇ ನಾನು. ಹಾಗಾಗಿ ಹಿಂಡಿದ್ದನ್ನು ಸಿಂಕಿಗೆ ಸುರಿದು ನಲ್ಲಿ ಬಿಡುತ್ತೇನೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎದೆಹಾಲುಣಿಸುವುದು ತಾಯಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ರಕ್ಷಣೆಯಲ್ಲಿದೆ ಎಂದಿತು. 2025ರಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೊಠಡಿ, ಶಿಶುಪಾಲನೆಯ ಸೌಲಭ್ಯಗಳ ಕಡೆ ಗಮನಕೊಡಿ ಎಂದು ರಾಜ್ಯಗಳಿಗೆ ಹೇಳಿಸಿತು. ಸಿಂಕಿನ ಮುಂದೆ ನಿಂತಾಗ ನನಗೆ ಆ ತೀರ್ಪುಗಳು ನೆನಪಾಗುತ್ತವೆ.

ವರ್ತಕರೇ, ಈಗ ನಿಮ್ಮೊಡನೆ ನೇರವಾಗಿ. ನಿಮ್ಮ ಬೀದಿಗಳಲ್ಲಿ ರಾತ್ರಿ ಸೀಟಿ ಊದುತ್ತಾ, ಷಟರ್‌ಗಳಿಗೆ ಕೋಲು ತಾಗಿಸುತ್ತಾ ಓಡಾಡುವ ಗೂರ್ಖಾ ಯಾವ ಅಂಗಡಿಯ ನೌಕರ? ಯಾರ ನೌಕರನೂ ಅಲ್ಲ, ಎಲ್ಲರ ನೌಕರ. ತಿಂಗಳ ಮೊದಲ ವಾರ ಬಂದು ಬಾಗಿಲು ಬಾಗಿಲಿಗೆ ನಿಂತು ತನ್ನ ಹಣ ಪಡೆದು ಹೋಗುತ್ತಾನೆ. ನಮ್ಮವರು ಅದನ್ನು ಪ್ರತಿ ತಿಂಗಳೂ ಖರ್ಚಿಗೆ ಬರೆಯುತ್ತಾರೆ. ಯಾವ ಕಾನೂನೂ ಇದನ್ನು ಹೇಳಿಕೊಟ್ಟದ್ದಲ್ಲ. ಒಬ್ಬೊಬ್ಬರೂ ಕಾವಲುಗಾರನನ್ನು ಇಟ್ಟುಕೊಳ್ಳಲಾಗದು ಎಂದು ನೀವೇ ಕಂಡುಕೊಂಡ ದಾರಿ. ಗಣೇಶನಿಗೂ ದುಗ್ಗಮ್ಮನ ಜಾತ್ರೆಗೂ ಪಟ್ಟಿ ಎತ್ತುವುದು ನಿಮಗೆ ನಾನು ಕಲಿಸಬೇಕೇ? ಬೀಗ ಕಾಯಲು ಇಡೀ ಬೀದಿ ಒಂದಾಗುವುದಾದರೆ ಕೂಸು ಕಾಯಲೂ ಒಂದಾಗಬಹುದು. ನೌಕರರ ತಲೆ ಎಣಿಕೆಯ ಮೇಲೆ ತಿಂಗಳಿಗಿಷ್ಟು ವಂತಿಗೆ ಇಟ್ಟರೆ, ಮಕ್ಕಳಿರುವ ನಾವು ಶುಲ್ಕವಾಗಿ ಉಳಿದದ್ದನ್ನು ತುಂಬುತ್ತೇವೆ. ಪುಕ್ಕಟೆ ಬೇಡ.

ದಾನಕ್ಕೆ ಈ ಊರು ಹಿಂದೆ ಬಿದ್ದದ್ದಿಲ್ಲ. ಜಿಲ್ಲಾಸ್ಪತ್ರೆಗೆ ಇಂದಿಗೂ ಚಿಗಟೇರಿಯ ಹೆಸರಿದೆ, ಧರ್ಮಛತ್ರಕ್ಕೆ ರಾಜನಹಳ್ಳಿ ಮನೆತನದ ಹೆಸರಿದೆ. ಹಿಂದಿನವರು ಆಸ್ಪತ್ರೆ, ಛತ್ರ, ಶಾಲೆ ಕಟ್ಟಿಸಿದರು, ಆ ಕಾಲದ ಅಗತ್ಯ ಅದಾಗಿತ್ತು. ಹೆಸರು ಬೇಕೆನ್ನುವವರು ಕೂಸಿನ ಮನೆಗೂ ತಮ್ಮ ಅಜ್ಜಿಯ ಹೆಸರಿಡಲಿ, ನಮ್ಮ ಅಭ್ಯಂತರವಿಲ್ಲ. ಒಂದೇ ಕೋರಿಕೆ, ಉದ್ಘಾಟನೆಯ ಕಲ್ಲಿಗಿಂತ ಮೊದಲು ನಲ್ಲಿಯಲ್ಲಿ ನೀರು ಬರಲಿ.

ಅಪ್ಪಂದಿರ ಮಾತು ಸ್ವಲ್ಪ. ನಮ್ಮ ಪಕ್ಕದ ಮನೆಯವರು ಸರ್ಕಾರಿ ನೌಕರರು, ಹೆಂಡತಿಯ ಹೆರಿಗೆಗೆ 15 ದಿನ ಪಿತೃತ್ವ ರಜೆ ಸಿಕ್ಕಿತು. ಖಾಸಗಿಯವರಿಗೆ ಅಂಥ ರಜೆ ಕಾನೂನಿನಲ್ಲೇ ಇಲ್ಲ. ನಮ್ಮವರು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಅಂಗಡಿಯ ಬಾಕಿ ಲೆಕ್ಕ ಹೇಳುತ್ತಿದ್ದರು. ಇದನ್ನು ಜಿಲ್ಲಾಡಳಿತ ಸರಿಪಡಿಸಲಾರದು, ಗೊತ್ತಿದೆ. ಆದರೆ ವರ್ತಕರ ಸಂಘದವರು ಮನಸ್ಸು ಮಾಡಿದರೆ ಒಂದು ವಾರದ ಸಂಬಳ ಸಹಿತ ರಜೆಯನ್ನು ತಮ್ಮ ತಮ್ಮಲ್ಲೇ ಪದ್ಧತಿಯಾಗಿ ತರಬಹುದು. ಅಂಗಡಿಯವರ ಮನೆ ಮದುವೆಗೆ ನಾವು ವಾರಗಟ್ಟಲೆ ದುಡಿಯುವುದಿಲ್ಲವೇ?

‘ಇಷ್ಟೆಲ್ಲ ಕಷ್ಟವೇಕೆ, ಕೆಲಸ ಬಿಟ್ಟುಬಿಡಮ್ಮ’ ಎನ್ನುವವರು ನನ್ನ ಹಿತೈಷಿಗಳೇ. ಅವರಿಗೆ ಉತ್ತರ ಸಂಬಳದ ಚೀಟಿಯಲ್ಲಿದೆ. ಬಾಡಿಗೆ, ಹಾಲು, ಮಗುವಿನ ಔಷಧಿ, ಮಾವನ ಮಾತ್ರೆ ಕಳೆದರೆ ಒಬ್ಬರ ದುಡಿಮೆಯಲ್ಲಿ ಈ ಊರಲ್ಲಿ ಸಂಸಾರ ಸಾಗುವುದಿಲ್ಲ. ಸಾಗಿದರೂ ನಾನು ಬಿಡುತ್ತಿರಲಿಲ್ಲ ಎಂಬುದು ಬೇರೆ ಮಾತು. ಅಷ್ಟು ಓದಿಸಿದ್ದು ಅಪ್ಪ ಅಡಿಕೆ ತೋಟದಲ್ಲಿ ಕೂಲಿ ಮಾಡಿ.

ಮಕ್ಕಳನ್ನು ಕಂಡವರ ಕೈಗೆ ಕೊಡುವುದು ಹೇಗೆ ಎಂಬ ಭಯ ನನಗೂ ಇದೆ. ಅದಕ್ಕೇ ಸರ್ಕಾರದ ಕಣ್ಣಿರುವ, ಬೀದಿಯ ಕಣ್ಣಿರುವ ಜಾಗ ಬೇಕೆನ್ನುತ್ತಿರುವುದು. ನೆಲಮಹಡಿಯಲ್ಲಿರಲಿ. ಶುದ್ಧ ನೀರು, ಕೈ ತೊಳೆಯುವ ವ್ಯವಸ್ಥೆ, ಹಾಲಿಡಲು ಪ್ರತ್ಯೇಕ ಫ್ರಿಜ್, ತಾಯಿ ಕುಳಿತು ಹಾಲುಣಿಸಲು ಪರದೆ ಇರುವ ಮೂಲೆ ಇರಲಿ. ನೋಡಿಕೊಳ್ಳುವವರ ಕೈಗೆ ಹೆಚ್ಚು ಮಕ್ಕಳನ್ನು ತುಂಬಬೇಡಿ. ಲಸಿಕೆಯ ತಾಯಿ ಕಾರ್ಡ್ ನೋಡಿಯೇ ಸೇರಿಸಿಕೊಳ್ಳಿ, ಜ್ವರವಿದ್ದರೆ ಮನೆಗೆ ಕಳಿಸಿ. ಸಮಯ ಮಾತ್ರ ಸರ್ಕಾರಿ ಕಚೇರಿಯದಾಗಿರದೆ ಪೇಟೆಯದಾಗಿರಲಿ. ಆಸ್ಪತ್ರೆ ಬೀದಿಯಲ್ಲಿ ಬೆಳಿಗ್ಗೆ ಆರೂವರೆಗೇ ತೆರೆಯಬೇಕು, ಮಂಡಿಪೇಟೆಯಲ್ಲಿ ರಾತ್ರಿ ಎಂಟೂವರೆವರೆಗೆ ಇರಬೇಕು. ನಾಲ್ಕು ಗಂಟೆಗೆ ಬೀಗ ಹಾಕಿದರೆ ಸೀರೆ ಅಂಗಡಿಯ ಹುಡುಗಿಗೆ ಅದರಿಂದ ಏನೂ ಉಪಯೋಗವಿಲ್ಲ.

ಮೊದಲು ಎರಡೇ ಜಾಗಗಳಲ್ಲಿ ಮಾಡಿ ನೋಡಿ, ಒಂದು ಆಸ್ಪತ್ರೆಗಳ ಬಳಿ, ಇನ್ನೊಂದು ಮಂಡಿಪೇಟೆಯ ಹತ್ತಿರ. ಎಪಿಎಂಸಿ ಪ್ರಾಂಗಣದಲ್ಲಿ ಕಾಳು ಹಸನು ಮಾಡುವ ಹೆಂಗಸರಿಗೆ ಇದು ನನಗಿಂತ ಹೆಚ್ಚು ಬೇಕು, ಮೂರನೆಯದು ಅಲ್ಲಿಗೆ. ಪಾಲಿಕೆಯ ವ್ಯಾಪಾರಿ ಸಂಕೀರ್ಣಗಳಲ್ಲಿ ಖಾಲಿ ಇರುವ ನೆಲಮಹಡಿಯ ಮಳಿಗೆ ಯಾವುದು, ಪಾಲನಾ ಅಡಿ ನಗರದ ಯಾವ ಅಂಗನವಾಡಿಗೆ ಪ್ರಸ್ತಾವ ಕಳಿಸಲಾಗಿದೆ, ವರ್ತಕರ ಸಭೆಯನ್ನು ಯಾವಾಗ ಕರೆಯುತ್ತೀರಿ, ಈ ಮೂರಕ್ಕೆ ಲಿಖಿತ ಉತ್ತರ ಕೊಡಿ. ಸಭೆ ಕರೆದರೆ ನಮ್ಮವರು ತಲೆ ಎಣಿಕೆಯ ಲೆಕ್ಕವನ್ನು ಅಂಗಡಿವಾರು ಬರೆದು ತರಲು ಒಪ್ಪಿದ್ದಾರೆ. ಪಟ್ಟಿ ಎತ್ತಲು ನಾನೂ ಬರುತ್ತೇನೆ. ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ, ಉಳಿದ ದಿನ ಮಗುವನ್ನು ಬಿಟ್ಟು ಬರಲು ಜಾಗವಿಲ್ಲ.

ಇತಿ,
ನಿಟುವಳ್ಳಿಯ ಒಬ್ಬ ತಾಯಿ
(ಲೆಕ್ಕ ತಿದ್ದಿಕೊಟ್ಟವರು: ಮಗುವಿನ ಅಪ್ಪ)